ಇಪ್ಪತ್ತಾರು ಚಿತ್ರಗಳ ಅಡಿಯ ಹೆಸರು

ಮಲ್ಲಪ್ಪನ ಹೆಸರನ್ನು ಅಳಿಸಿದವನು ನಾನು. ಕಂಪ್ಯೂಟರ್ ಅಲ್ಲ. ಇಷ್ಟು ಖಚಿತ. ಅದರಾಚೆಗೆ ನಡೆದದ್ದೇನೆಂದು ನನಗೆ ಪೂರ್ತಿ ಗೊತ್ತಿಲ್ಲ — ಅಳಿಸದೆ ಬೇರೆ ದಾರಿ ಇತ್ತೆಂದು ಅಂದು ನನಗೆ ತಿಳಿದಿತ್ತೇ? ಇಲ್ಲ ಎನ್ನುತ್ತದೆ ನನ್ನ ನೆನಪು. ಆದರೆ ಈ ನೆನಪಿಗೆ ನನ್ನ ಮರ್ಯಾದೆ ಕಾಯುವ ಚಟವಿದೆ. ಅದನ್ನು ನಾನು ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆ. ಮುಂಬೈ ಹತ್ತಿರದ ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳ ನೀರು ಹರಿಯುವ ನಾಲಾಗಳ ಬಗ್ಗೆ ನಾನು ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಮಲ್ಲಪ್ಪ ನಮ್ಮ ವಠಾರದ, ಅಂದರೆ ಚಾಳಿನ, ಕೆಳಗಿನ ಖೋಲಿಯವನು, ಬಿಜಾಪುರದ ಕಡೆಯವನು. ಬಣ್ಣದ ಕಂಪನಿಯಲ್ಲಿ ಚೀಲ ಹೊರುತ್ತಿದ್ದ. ಬೆರಳುಗಳ ಸಂದಿಯಲ್ಲಿ ಯಾವಾಗಲೂ ಹಸಿರೋ ಕೆಂಪೋ ಮೆತ್ತಿರುತ್ತಿತ್ತು. ಆ ಬೆರಳು ಎಳೆದ ಗೆರೆ ಮಾತ್ರ ಕೂದಲಿನಷ್ಟು ನಯ. ಭಾನುವಾರಗಳಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ನನ್ನ ಜೊತೆ ನಾಲಾಗಳ ಉದ್ದಕ್ಕೂ ನಡೆದು, ಅಳತೆ ಹಿಡಿದು, ಇಪ್ಪತ್ತಾರು ನಕ್ಷೆ ಬರೆದುಕೊಟ್ಟ.

"ಬ್ಯಾರೆ ಏನೂ ಬ್ಯಾಡ್ರಿ ಸರ. ಪ್ರತಿ ಚಿತ್ರದ ಬುಡಕ ನನ್ನ ಹೆಸರ ಹಾಕ್ರಿ. ವಾಶಿಯೊಳಗ ಒಂದು ಸರ್ವೆ ಆಫೀಸ್‌ನ್ಯಾಗ ನಕ್ಷೆ ತೆಗಿಯೋ ಕೆಲಸ ಐತಿ. ಸರ್ಟಿಫಿಕೇಟ್ ಇಲ್ಲಾಂದ್ರ, ನಿನ್ನ ಹೆಸರ ಛಾಪಿಸಿದ್ದು ಏನರ ತಂದು ತೋರ್ಸು ಅಂದಾರ."

ಹಾಕಿದೆ. ಪ್ರತಿ ಚಿತ್ರದ ಶೀರ್ಷಿಕೆಯ ಕೊನೆಗೆ, ಅದೇ ಸಾಲಿನಲ್ಲಿ — ರೇಖೆ: ಮಲ್ಲಪ್ಪ.

ಚಿತ್ರಗಳ ಪಟ್ಟಿಯನ್ನು ಕೈಯಿಂದ ಟೈಪ್ ಮಾಡಬೇಕಿಲ್ಲ, ಶೀರ್ಷಿಕೆಗಳನ್ನೆಲ್ಲ ಹೆಕ್ಕಿ ಪುಟಸಂಖ್ಯೆ ಸಮೇತ ಪ್ರೋಗ್ರಾಮೇ ಜೋಡಿಸುತ್ತದೆ ಎಂದು ಆಗಷ್ಟೇ ಕಲಿತಿದ್ದೆ. ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಒತ್ತಿದೆ. ಪಟ್ಟಿ ಬಂತು — ಶೀರ್ಷಿಕೆಯ ಜೊತೆ ಹೆಸರೂ ಬಂತು. ಮಲ್ಲಪ್ಪ, ಮಲ್ಲಪ್ಪ, ಮಲ್ಲಪ್ಪ. ಸಾಲುಗಳು ಮುರಿದು ಎರಡೆರಡಾಗಿದ್ದವು. ನನ್ನ ಪ್ರಬಂಧದ ಮೊದಲ ಪುಟಗಳಲ್ಲೇ ಚೀಲ ಹೊರುವವನ ಹೆಸರು ನನ್ನ ಹೆಸರಿಗಿಂತ ಹೆಚ್ಚು ಸಲ. ಅಂದ ಕೆಟ್ಟಿತು ಅನ್ನಿಸಿತು ಎಂದು ಬರೆದು ಪಾರಾಗಬಹುದು. ಆದರೆ ನನಗೆ ಆದದ್ದು ಹೇಸಿಗೆ.

ಶೀರ್ಷಿಕೆಗಳಲ್ಲಿನ ‘ರೇಖೆ: ಮಲ್ಲಪ್ಪ’ ಹುಡುಕಿ, ಅದರ ಜಾಗದಲ್ಲಿ ಏನೂ ಇಡಬೇಡ ಎಂದು ಆಜ್ಞೆ ಕೊಟ್ಟೆ. ಇಪ್ಪತ್ತಾರು ಕಡೆ ಬದಲಾಯಿಸಿದೆ ಎಂದಿತು ಪರದೆ. ಪಟ್ಟಿಯನ್ನು ಮತ್ತೆ ಮಾಡಿಸಿದೆ. ಒಂದೊಂದೇ ಸಾಲು, ನೆಟ್ಟಗಿನ ಚುಕ್ಕೆಗಳು, ಬಲಕ್ಕೆ ಪುಟಸಂಖ್ಯೆ. ಖುಷಿಯಿಂದ ಚಹಾ ತರಿಸಿಕೊಂಡೆ — ಆ ಚಹಾ ನಿಜವೋ, ನನ್ನ ಮೇಲಿನ ಸಿಟ್ಟಿಗೆ ನಾನೇ ಆಮೇಲೆ ಸೇರಿಸಿದ್ದೋ...

ಬೈಂಡಾದ ಪ್ರತಿಯನ್ನು ಮಲ್ಲಪ್ಪ ಕೇಳಿದ. ಕೊಟ್ಟೆ. ಕೈಯ ಬಣ್ಣ ತಾಗೀತೆಂದು ಬಿಚ್ಚಿಯೂ ನೋಡದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ವಾಶಿಗೆ ಒಯ್ದ. ಅವನು ಮೆಟ್ಟಿಲಿಳಿದು ಹೋಗುವವರೆಗೂ ನಿಜ ಹೇಳಲು ಸಮಯವಿತ್ತು —

ಸಂಜೆ ಬಂದ.

"ಎಲ್ಲಾ ಹಾಳಿ ತಿರುವಿದ್ರು ಸರ. ನನ್ನ ಹೆಸರಽ ಇಲ್ಲ. ಯಾರ ಪುಸ್ತಕ ಎತ್ಕೊಂಡ ಬಂದೀಯೋ ಅಂದ್ರು. ಪ್ಯೂನ್ ಸುದ್ದಾ ನಕ್ಕ."

"ಅದು ಆಟೊಮ್ಯಾಟಿಕ್ ಮಾರಾಯ," ಎಂದೆ. "ಪಟ್ಟಿ ಮಾಡುವಾಗ ಕಂಪ್ಯೂಟರೇ ಹೆಸರು ತೆಗೀತದೆ. ನಮ್ಮ ಕೈಯಲ್ಲಿ ಎಂತದೂ ಇಲ್ಲ."

ಅವನು ಪುಸ್ತಕವನ್ನು ಚೀಲದಿಂದ ತೆಗೆದು ನನ್ನ ಕೈಗಿತ್ತ. "ಮಷೀನಿಗೇನು ನನ್ನ ಗುರ್ತು ಐತೇನ್ರಿ? ಬಿಡ್ರಿ ಸರ, ನೀವ್ಯಾಕ ಮಾರಿ ಸಣ್ಣ ಮಾಡ್ತೀರಿ," ಎಂದು ನನ್ನನ್ನೇ ಸಮಾಧಾನ ಮಾಡಿ ಹೋದ.

ಎಲ್ಲಾ ದೇವರ ಇಚ್ಛೆ ಎನ್ನುವವರನ್ನು ಚಾಳಿನಲ್ಲಿ ಗೇಲಿ ಮಾಡುತ್ತಿದ್ದವನು ನಾನು. ನನ್ನ ಕೈಯಾರೆ ಮಾಡಿದ್ದನ್ನು ಹೊರಿಸಲು ನನಗೂ ಒಂದು ದೇವರು ಬೇಕಾಯಿತು. ಮಲ್ಲಪ್ಪ ಚೀಲ ಹೊರುವುದನ್ನು ಮುಂದುವರಿಸಿದ. ಒಂದೆರಡು ವರ್ಷಗಳ ನಂತರ ಶಹಾಡ್ ಕಡೆಗೆ ಮನೆ ಬದಲಿಸಿದ. ಆಮೇಲೆ ಎಲ್ಲಿ ಹೋದನೋ ತಿಳಿಯದು. ಹುಡುಕಲಿಲ್ಲ ಎಂದರೆ ಸರಿಯಾದೀತು.

ಕಂಪ್ಯೂಟರ್ ಹೊಸದು, ನನಗೆ ಬೇರೆ ಉಪಾಯ ಗೊತ್ತಿರಲಿಲ್ಲ — ಇಷ್ಟು ವರ್ಷ ಇದನ್ನೇ ಹೇಳಿಕೊಂಡೆ. ಕಳೆದ ತಿಂಗಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ಪ್ರಬಂಧವನ್ನು ತೆಗೆಸಿ ನೋಡಿದೆ. ಅದರಲ್ಲಿ ನನ್ನ ಮಾರ್ಗದರ್ಶಕರು ತೆಗೆದ ಎರಡು ಫೋಟೋಗಳೂ ಇವೆ. ಅವುಗಳ ಶೀರ್ಷಿಕೆ ಮುಗಿದ ಮೇಲೆ, ಎಂಟರ್ ಒತ್ತಿ ಕೆಳಗಿಳಿಸಿದ ಬೇರೆ ಸಾಲಿನಲ್ಲಿ, ಅವರ ಹೆಸರು ಭದ್ರವಾಗಿದೆ. ಬೇರೆ ಸಾಲಾದ್ದರಿಂದ ಪಟ್ಟಿಯಲ್ಲಿ ಆ ಹೆಸರು ಬಂದಿಲ್ಲ. ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಟೈಪ್ ಮಾಡಿದವನು ನಾನೊಬ್ಬನೇ ಎಂದು ಮುನ್ನುಡಿಯಲ್ಲಿ ನಾನೇ ಬರೆದಿದ್ದೇನೆ.