ಹೆಣ್ಣು ನೋಡಲು ಬಂದವರ ಅನ್ಯಭಾಷೆ

ಮದುವೆ ಅಂತ ಆದರೆ ಅವರನ್ನೇ ಎಂದು ನಾನು ಆಗಲೇ ಗಟ್ಟಿ ಮಾಡಿಕೊಂಡುಬಿಟ್ಟಿದ್ದೆ. ತೊಂಬತ್ತರ ದಶಕದ ಕೊನೆಯ ದಿನಗಳು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಒಂದೇ ಬಸ್ಸಿನಲ್ಲಿ ಓಡಾಡುತ್ತಾ ನಾವಿಬ್ಬರೂ ಮಾತಾಡಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಇಬ್ಬರ ಮನೆಯವರೂ ಕ್ರೈಸ್ತರು, ಆದರೆ ತಕರಾರು ಹುಟ್ಟಿದ್ದೇ ಅಲ್ಲಿ.

ನಂಜನಗೂಡಿನ ನಮ್ಮ ಚರ್ಚಿನವರು ಆಮೆನ್ ಎನ್ನುವುದನ್ನೂ ಪಕ್ಕದವರಿಗೆ ಕೇಳಿಸದ ಹಾಗೆ ಅನ್ನುವ ಜನ. ನರಸೀಪುರದ ಅವರ ಸಭೆಯಲ್ಲಿ ಪ್ರಾರ್ಥನೆ ಏರಿದರೆ ಸೂರಿನ ತಗಡು ಅದುರುತ್ತಿತ್ತು. ಅಲ್ಲಿ ಅನ್ಯಭಾಷೆ ಆಡುತ್ತಿದ್ದರು. ಅಂದರೆ ಆಡುವವರಿಗೇ ಅರ್ಥವಾಗದ ಮಾತು ಆವೇಶದಲ್ಲಿ ಬಾಯಿಂದ ಹೊರಡುವುದು. ಅದು ಬಂದರೆ ಪವಿತ್ರಾತ್ಮ ಬಂದ ಹಾಗೆ, ಬಾರದಿದ್ದರೆ ಇನ್ನೂ ಬಂದಿಲ್ಲವೆಂದೇ ಲೆಕ್ಕ.

ಭಾನುವಾರ ಮಧ್ಯಾಹ್ನ ಅವರು ಅಪ್ಪ ಅಮ್ಮನೊಡನೆ ಹೆಣ್ಣು ನೋಡಲು ಬಂದರು. ಸತ್ಯವೇದ ತೆರೆದು ಪ್ರಾರ್ಥನೆ ಮಾಡುವವರೆಗೆ ನಮ್ಮಲ್ಲಿ ಯಾರೂ ತಟ್ಟೆ ಮುಟ್ಟುವ ಹಾಗಿಲ್ಲ. ಹುಡುಗನ ತಂದೆ ಪುಸ್ತಕ ತೆರೆಯುವ ಮೊದಲೇ, ಹುಡುಗಿಗೆ ಅನ್ಯಭಾಷೆಯ ವರದಾನ ಸಿಕ್ಕಿದೆಯೇ ಎಂದು ಕೇಳಿಬಿಟ್ಟರು. ಇಲ್ಲ ಎಂದೆ. ಹಾಗಾದರೆ ಈ ಸಂಬಂಧ ಕಷ್ಟ ಎಂದರು.

ನಮ್ಮಪ್ಪನೂ ಪುಸ್ತಕ ತಂದರು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ನೀವೆಲ್ಲರೂ ಅನ್ಯಭಾಷೆ ಆಡಬೇಕೆಂಬ ಆಸೆ ಅದನ್ನು ಬರೆದ ಅಪೊಸ್ತಲನಿಗಿತ್ತಲ್ಲ ಎಂದರು ಹುಡುಗನ ತಂದೆ. ಅದಕ್ಕೆ ಸ್ವಲ್ಪ ಹಿಂದೆ, ಎಲ್ಲರೂ ಆಡುತ್ತಾರೇನು ಎಂದು ಕೇಳಿದವನೂ ಅವನೇ ಎಂದರು ನಮ್ಮಪ್ಪ. ಅನ್ಯಭಾಷೆ ಅವಿಶ್ವಾಸಿಗಳಿಗೆ ಗುರುತು ಎಂದು ಬರೆದಿದೆ ಎಂದರು ಅವರು. ಅದರ ಕೆಳಗಿನ ಸಾಲನ್ನೂ ಓದಿ, ಅವಿಶ್ವಾಸಿ ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಅನ್ನುತ್ತಾನೆ ಎಂದಿದೆ ಎಂದರು ನಮ್ಮಪ್ಪ. ಇಬ್ಬರೂ ಕನ್ನಡಕ ಏರಿಸಿಕೊಂಡು ಒಂದೇ ಪುಟಕ್ಕೆ ಬಗ್ಗಿದರು. ಅಷ್ಟು ವರ್ಷ ಆ ಎರಡು ಸಾಲುಗಳನ್ನು ಒಂದೇ ಉಸಿರಿಗೆ ಓದಿದವರು ಇಬ್ಬರಲ್ಲಿ ಒಬ್ಬರೂ ಇರಲಿಲ್ಲ.

ಬಜ್ಜಿ ಆರಿಹೋಗುತ್ತಿರುವ ಸಂಕಟ ಅಮ್ಮನಿಗೆ. "ಅವಿಶ್ವಾಸಿ ಅಡುಗೆಮನೇಲೇ ಕುಂತವ್ರಲ್ಲ, ಅವ್ರನ್ನೇ ಕೇಳ್ಬಿಡಿ" ಎಂದಳು.

ಅವಿಶ್ವಾಸಿ ಎಂದರೆ ಪಕ್ಕದ ಮನೆಯ ಅಜ್ಜಿ. ಹಣೆ ತುಂಬ ವಿಭೂತಿ. ಬಜ್ಜಿ ಕರಿಯಲು ಬಂದಿದ್ದರು. ಅವರನ್ನು ಜಾಲರಿ ಸೌಟಿನ ಸಮೇತ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಇದು ಗುರುತೋ ಹುಚ್ಚೋ ನೀವೇ ಹೇಳಿ ಎಂದರು.

ಹುಡುಗನ ಮನೆಯವರು ಮೊಣಕಾಲೂರಿದರು. ತಂದೆಯ ಅನ್ಯಭಾಷೆ ಗುಡುಗತೊಡಗಿತು, ತಾಯಿಯದು ಅದನ್ನೂ ಮೀರಿ ಏರಿತು. ಮೊದಲು ಹೆದರಿದೆ. ಆಮೇಲೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಸೆರಗು ಕಚ್ಚಿಕೊಂಡು ತಲೆಯೆತ್ತಿದರೆ ನನ್ನವರು ಒಂದೇ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾರೆ! ನಾನು ಕೆಟ್ಟೆ. ಕೂತಲ್ಲೇ ಅಲುಗಾಡಿ ಅಲುಗಾಡಿ ನಕ್ಕೆ.

ಪ್ರಾರ್ಥನೆ ಮುಗಿಯಿತು. ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಉಚ್ಚು ಅಂತ ಯಾಕಂದೇನಪ್ಪ" ಎಂದರು ಅಜ್ಜಿ. "ದೇವ್ರ ಮುಂದೆ ಕುಂತ್ರೆ ನಾನೂ ಏನೇನೋ ಅಂತೀನಿ. ಆದ್ರೆ ಈ ಉಡುಗ ಬರೀ ಬಾಯಾಡುಸ್ತನೆ, ಸದ್ದೇ ಇಲ್ವಲ್ಲ?"

ಅದೇ ಪತ್ರದಲ್ಲಿ ಇನ್ನೂ ಒಂದು ಮಾತಿದೆ, ಸಭೆಯವರು ಪ್ರವಾದನೆ, ಅಂದರೆ ಎಲ್ಲರಿಗೂ ತಿಳಿಯುವ ದೇವರ ಮಾತು, ನುಡಿದರೆ ಅವಿಶ್ವಾಸಿಯ ಹೃದಯದ ಗುಟ್ಟು ಬಯಲಾಗುತ್ತದೆ ಎಂದು. ನಮ್ಮ ಮನೆಯಲ್ಲಿ ಅದು ಉಲ್ಟಾ ಆಯಿತು.

ನನ್ನವರ ಮುಖ ಕೆಂಪಾಯಿತು. "ಅಪ್ಪ, ನಂಗೂ ಬಂದಿಲ್ಲ" ಎಂದರು. "ಇಷ್ಟ್ ವರ್ಸ ಸುಮ್ನೆ ಬಾಯಾಡುಸ್ಕೊಂಡ್ ಬಂದಿವ್ನಿ."

ನನ್ನ ನಗು ಅಲ್ಲಿಗೇ ನಿಂತಿತು. ಆ ತಂದೆಯ ಮುಖ ನೋಡಲಾಗಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ತಾಯಿ ಕಣ್ಣೊರೆಸಿಕೊಳ್ಳುತ್ತಾ ಮಗನ ಭುಜದ ಮೇಲೆ ಕೈಯಿಟ್ಟರು. "ನಂಗೊತ್ತಿತ್ತು ಕಣ್ ಮಗ. ನಿನ್ ದನಿ ಇಲ್ದಿರೋದು ಅಪ್ಪಂಗೆ ತಿಳೀದೆ ಇರ್ಲಿ ಅಂತ್ಲೇ ನಾನು ನಿನ್ ಪಕ್ಕ ಕುಂತು ಅಷ್ಟ್ ಜೋರಾಗಿ ಮಾಡ್ತಿದ್ದಿದ್ದು."

ತಂದೆ ಹೆಂಡತಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು.

"ಬಾ ಕೂಸು, ಇವ್ಳ ಈ ಪಕ್ಕ ನೀನು ಕುಂತ್ಕೊ. ಇನ್ನೊಬ್ರಿಗೂ ಆಗೋವಷ್ಟು ಗಂಟ್ಲದೆ ಇವ್ಳಿಗೆ."

ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ನಾನು ಓಡಿಹೋಗಿ ಕೂತೆ.