ಬಂಗಲೆ ಡ್ಯೂಟಿ

ನನ್ನ ತಮ್ಮ ಪೊಲೀಸ್ ಭರ್ತಿಯ ಓಟದ ಪರೀಕ್ಷೆಗೆಂದು ಹನ್ನೂರ ರಸ್ತೆಯಲ್ಲಿ ಓಡುತ್ತಿದ್ದಾಗ ಅವನ ಹಿಂದೆ ಸೈಕಲ್ ತುಳಿದವಳು ನಾನು. ಹಾಗಾಗಿ ಅವನಿಗೆ ಖಾಕಿ ಸಿಕ್ಕಿದ್ದು ನನಗೇ ಸಿಕ್ಕಂತಾಗಿತ್ತು. ಸೊಲ್ಲಾಪುರದಲ್ಲಿ ಠಾಣೆಯಲ್ಲಿದ್ದಾನೆ ಎಂದು ಊರಿನಲ್ಲೆಲ್ಲ ಹೇಳಿಕೊಂಡಿದ್ದೆ.

ಒಂದು ರಜೆಯ ದಿನ ಅಲ್ಲಿಯ ಮಾರ್ಕೆಟ್ಟಿಗೆ ಹೋದವಳಿಗೆ ಅವನು ಕಂಡ. ಮೈಮೇಲೆ ಖಾಕಿ ಇರಲಿಲ್ಲ. ಒಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದರಲ್ಲಿ ನಾಯಿಯ ಸರಪಳಿ.

“ಸಾಹೇಬ್ರ ಬಂಗಲೆ ಡ್ಯೂಟಿ, ಅಕ್ಕಾ. ಮನ್ಯಾಗ ಹೇಳಬ್ಯಾಡ,” ಅಂದ.

“ಯಾವಾಗಿಂದ?”

“ಇಲ್ಲಿಗಿ ಬಂದಾಗಿಂದ.”

ಸೊಲ್ಲಾಪುರದಲ್ಲೇ, ಅಕ್ಕಲಕೋಟ ರಸ್ತೆಯ ಟವೆಲ್ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕೆಲಸ. ಅಂದಿನಿಂದ ಅಲ್ಲಿ ಕೂತರೂ ಕೂತಂತಿರಲಿಲ್ಲ. ಅದೇ ಹೊತ್ತಿಗೆ ಬ್ರಿಟಿಷರ ಕಾಲದ ಅಪರಾಧ ಕಾಯ್ದೆಗಳು ಹೋಗಿ ಹೊಸವು ಬಂದವು. ತಮ್ಮನನ್ನೂ ತರಬೇತಿಗೆ ಕರೆದರು. ಗುಲಾಮಗಿರಿ ಮುಗಿಯಿತು, ಪೊಲೀಸರಿನ್ನು ಜನರ ಸೇವಕರು ಎಂದು ಅಲ್ಲಿ ಭಾಷಣವಾಯಿತಂತೆ. ಕೇಳಿ ಬಂದವನಿಗೆ ಬಂಗಲೆಯ ಬಾಗಿಲಲ್ಲೇ ಸಾಹೇಬರ ಮನೆಯ ಮ್ಯಾಡಮ್ ನಾಯಿಯ ಮೈ ತೊಳೆಯಲು ಹೇಳಿದರು.

ಇದನ್ನು ಫೋನಿನಲ್ಲಿ ಹೇಳುವಾಗ ಅವನು ನಗಲು ನೋಡಿದ. ನನಗೆ ತಡೆಯಲಾಗಲಿಲ್ಲ.

“ಆಗೂದಿಲ್ಲ ಅಂತ ಹೇಳು.”

“ಹೇಳಿದ್ರ ವರ್ಗಾ ಮಾಡಿ ಎಲ್ಲಿಗರೆ ಒಗೀತಾರ, ಅಕ್ಕಾ.”

ಫೋನ್ ಇಟ್ಟ ಮೇಲೆ ನನಗೇ ದಿಗಿಲಾಯಿತು. ಬೇಡ ಎನ್ನಲು ಮತ್ತೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅವನು ಸಾಹೇಬರ ಮುಂದೆ ನಿಂತು ತನ್ನನ್ನು ಠಾಣೆಗೆ ಕಳಿಸಿರೆಂದು ಕೇಳಿಯೇಬಿಟ್ಟಿದ್ದ. ಸಾಹೇಬರು ಬೈಯಲಿಲ್ಲವಂತೆ. ಪೇಪರಿನಿಂದ ತಲೆ ಎತ್ತದೆ, ನೋಡೋಣ ಎಂದರಂತೆ.

ನೋಡಿದರು. ಅಕ್ಕಲಕೋಟದ ಗುಡಿಯ ಹತ್ತಿರ, ಬಿಸಿಲಲ್ಲಿ, ಬಂದೋಬಸ್ತಿಗೆ ಹಾಕಿದರು. ವಾರದ ರಜೆಯೂ ಹೋಯಿತು.

ಊರಿಗೆ ಹೋಗುವಾಗ ಅಲ್ಲಿ ಇಳಿದು ಅವನನ್ನು ಹುಡುಕಿದೆ. ಮುಖ ಕಪ್ಪಿಟ್ಟಿತ್ತು. ಗದ್ದಲದಲ್ಲಿ ತನ್ನವರ ಕೈತಪ್ಪಿದ ಮುದುಕಿಯೊಬ್ಬಳು ಅವನೆದುರು ಕೈಮುಗಿದು, “ಹೊಡೀಬ್ಯಾಡ್ರಿ ಸಾಹೇಬ್ರ, ನಾ ಸರದು ಹೋಗ್ತೀನ್ರಿ,” ಅನ್ನುತ್ತಿದ್ದಳು.

“ನಾ ಯಾಕ ಹೊಡೀಲ್ರಿ, ಆಯಿ? ಕುಂದರ್ರಿ, ನಿಮ್ಮವರನ ಹುಡುಕೂಣು,” ಎಂದು ಅವನು ಕುರ್ಚಿ ಸರಿಸಿದ.

ಎಷ್ಟು ಹೇಳಿದರೂ ಅವಳು ಕೂರಲಿಲ್ಲ. ಮಗ ಹುಡುಕಿಕೊಂಡು ಬರುವವರೆಗೂ ನಿಂತೇ ಇದ್ದಳು. ಹೋಗುವಾಗ ತಿರುತಿರುಗಿ ತಮ್ಮನನ್ನು ನೋಡಿದಳು, ಇನ್ನೂ ನಂಬಿಕೆ ಬಾರದವಳಂತೆ.

“ಇಲ್ಲಿ ಚಲೋ ಅನಸ್ತದೇನೋ?” ಅಂತ ಕೇಳಿದೆ.

“ಚಲೋ ಅದ. ಆದ್ರ ಬಂಗಲೆಗಿ ಬ್ಯಾರೇದವನ್ನ ಹಚ್ಚ್ಯಾರ, ಅಕ್ಕಾ. ಮೊನ್ನಿ ಮೊನ್ನಿ ಭರ್ತಿ ಆದಂವ.”

ಆ ಹೊಸ ಹುಡುಗನ ಬಗ್ಗೆ ಇನ್ನೂ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸುಗಳು ಒಂದರ ಹಿಂದೊಂದು ಬಂದು ಜನ ಇಳಿಯತೊಡಗಿದರು. ಸೀಟಿ ಊದುತ್ತ ತಮ್ಮ ಅತ್ತ ಓಡಿದ.