ಇಪ್ಪತ್ತನೆಯ ಪಾಸು

ಲೆಕ್ಕದ ಮೇಷ್ಟ್ರಿಗೆ ಆ ಸರ್ಕಾರಿ ಹೈಸ್ಕೂಲಿನಲ್ಲಿ ಸ್ವಂತ ಕುರ್ಚಿ ಇರಲಿಲ್ಲ. ರಜೆ ಹಾಕಿದವರ ಕುರ್ಚಿಯಲ್ಲಿ ಕೂರುವುದು, ಎಲ್ಲರೂ ಬಂದ ದಿನ ಕಿಟಕಿಗೆ ಒರಗಿ ನಿಲ್ಲುವುದು. ಹಂಗಾಮಿ ನೌಕರನಿಗೆ ಕಾಲಿನ ಬಲವೇ ವಿದ್ಯಾರ್ಹತೆ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ಹತ್ತನೇ ತರಗತಿಯಲ್ಲಿ ಅರ್ಧಕ್ಕಿಂತ ಕಮ್ಮಿ ಮಕ್ಕಳು ಪಾಸಾಗುವ ಶಾಲೆಗಳಿಗೆ ಇಲಾಖೆ ಕೊಡುವ ಅನುದಾನದಲ್ಲಿ ಅವನ ಸಂಬಳ ಬರುತ್ತಿತ್ತು. ಹಿಂದಿನ ವರ್ಷ ಪಾಸಾದವರು ಹನ್ನೊಂದೇ ಜನ. ಹಾಗಾಗಿ ಅವನು ಬಂದ.

ಬಂದವನು ಸುಮ್ಮನಿರಬೇಕಿತ್ತು. ಐದನೇ ತರಗತಿಯ ಪುಸ್ತಕ ತಂದು ಭಿನ್ನರಾಶಿಯಿಂದ ಶುರುಮಾಡಿದ. ಮಾತೆತ್ತಿದರೆ ಅಳುತ್ತಿದ್ದ ದರ್ಜಿಯ ಮಗಳಿಗೆ ಅಳತೆಪಟ್ಟಿ ತರಿಸಿ, ಅರ್ಧ ಇಂಚು, ಮುಕ್ಕಾಲು ಇಂಚು ಎಂದು ಅದರಲ್ಲೇ ಹೇಳಿಕೊಟ್ಟ. ಮುಖ್ಯೋಪಾಧ್ಯಾಯಿನಿಯಂತೂ ಅವಳು ಪಾಸಾಗುವ ಆಸೆಯನ್ನು ಪರೀಕ್ಷೆಗೆ ಮೊದಲೇ ಬಿಟ್ಟಿದ್ದರು.

ಫಲಿತಾಂಶ ಬಂತು. ನಲವತ್ತಕ್ಕೆ ಇಪ್ಪತ್ತು. ಇಪ್ಪತ್ತನೆಯವಳು ದರ್ಜಿಯ ಮಗಳು; ಲೆಕ್ಕದಲ್ಲಿ ಸರಿಯಾಗಿ ಮೂವತ್ತೈದು.

ಮರುವಾರ ಮುಖ್ಯೋಪಾಧ್ಯಾಯಿನಿ ಇಲಾಖೆಯ ಪತ್ರವನ್ನು ಅವನತ್ತ ಸರಿಸಿದರು.

“ನಮ್ಮ ಶಾಲೆ ಸುಧಾರಿಸಿದೆಯಂತೆ. ಅನುದಾನ ನಿಲ್ಲಿಸಿದಾರೆ.”

“ಹತ್ತೊಂಬತ್ತಾಗಿದ್ರೆ?”

“ನೀವು ಇರ್ತಿದ್ರಿ.” ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಬರೋ ವರ್ಷ ಹೆಂಗೂ ಬಿದ್ದುಹೋಗ್ತೀವಿ. ಆಗ ಕರೆಸ್ಕೊಳ್ತೀನಿ.”

ಸಮಾಧಾನಕ್ಕೆಂದೇ ಹೇಳಿದ ಮಾತು. ಅವನು ಪತ್ರವನ್ನು ಮತ್ತೆ ಅವರತ್ತ ಸರಿಸಿದ.

ಅವನು ಉಳಿದುಕೊಂಡಿದ್ದದ್ದು ಅಕ್ಕನ ಮನೆಯಲ್ಲಿ. “ಅಷ್ಟು ಚೆನ್ನಾಗಿ ಪಾಠ ಮಾಡು ಅಂತ ನಿನಗೆ ಹೇಳಿದ್ಯಾರೋ? ಒಂದು ಕೆಲಸಾನಾದ್ರೂ ನೆಟ್ಟಗೆ ಕೆಡಿಸೋಕೆ ಬರಲ್ವಲ್ಲ” ಎಂದು ಅಕ್ಕ ನಕ್ಕಳು. ಭಾವ ನಗಲಿಲ್ಲ.

ಕೊನೆಯ ದಿನ ದರ್ಜಿಯ ಮಗಳು ಅಂಕಪಟ್ಟಿಗೆಂದು ಬಂದಳು. ಜೊತೆಯಲ್ಲಿ ತಂಗಿ.

“ಸರ್, ಇವಳು ಈ ವರ್ಷ ಹತ್ತನೇ ಕ್ಲಾಸು. ನನಗಿಂತ ದಡ್ಡಿ. ನೀವಿದೀರಲ್ಲ, ಟ್ಯೂಷನ್ ಯಾಕೆ ಅಂದ್ರು ಅಪ್ಪ.”

ನಿಜ ಹೇಳಲು ಬಾಯಿ ತೆರೆದ. ಯಾಕೆ ಹೋಗ್ತಿದೀರಿ ಎಂದು ಅವಳು ಕೇಳಿದರೆ ಉತ್ತರ ಒಂದೇ: ನೀನು ಪಾಸಾದೆ.

“ನನಗೆ ಬೇರೆ ಊರಿಗೆ ವರ್ಗ ಆಗಿದೆ ಕಣಮ್ಮ” ಎಂದ. ಹಂಗಾಮಿಯವರಿಗೆ ವರ್ಗವಾಗುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ.

“ಹಾಗಾದ್ರೆ ಇವಳಿಗೆ ಲೆಕ್ಕ ಯಾರು ಸರ್?”

“ನೀನೇ ಹೇಳಿಕೊಡು.”

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಅಂಕಪಟ್ಟಿಯನ್ನು ನಾಲ್ಕಾಗಿ ಮಡಿಸತೊಡಗಿದಳು.